ಬೆಂಡು ಕಟ್ಟದೆ ಕಡಲಿಗೆ

ಬೈಲಹೊಂಗಲದ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವನಿಗೆ ಸಮುದ್ರವೆಂಬುದು ಬಹುಕಾಲ ಭೂಗೋಲದ ಪುಸ್ತಕದೊಳಗಿನ ನೀಲಿ ಬಣ್ಣವೇ ಹೊರತು ನೀರಲ್ಲ. ನಮ್ಮ ಕಡೆಯ ನೀರಿಗೆ ಎರಡೇ ಸ್ವಭಾವ: ಒಂದೋ ಅದು ಬರುವುದೇ ಇಲ್ಲ, ಬಂದರೆ ಹೊಸ್ತಿಲು ದಾಟಿ ಅಡಿಗೆಮನೆಗೇ ಬರುತ್ತದೆ. ಮುಗಿಲನ್ನು ನೋಡಿ ಹತ್ತಿ ಬಿತ್ತುವ ಬೈಲಹೊಂಗಲ, ಕಿತ್ತೂರುಗಳಿಗೆ ಮೊದಲನೆಯ ಸ್ವಭಾವವು ಚೆನ್ನಾಗಿ ಗೊತ್ತು. ಮಲಪ್ರಭೆಯ ಮಗ್ಗುಲಲ್ಲಿರುವ ಸವದತ್ತಿ, ರಾಮದುರ್ಗದ ಸೀಮೆಗೆ ಎರಡೂ ಗೊತ್ತು. ಒಟ್ಟಿನಲ್ಲಿ ನಮ್ಮ ಮಂದಿಗೆ ನೀರೆಂದರೆ ಪೂಜೆಯ ವಸ್ತು, ಜಗಳದ ವಸ್ತು, ಭಯದ ವಸ್ತು. ಅದು ಆಟದ ವಸ್ತುವೂ ಆಗಬಲ್ಲುದೆಂದು ನಾನು ಕಣ್ಣಾರೆ ಕಂಡದ್ದು ಎಪ್ಪತ್ತರ ಹೊಸ್ತಿಲನ್ನು ದಾಟಿದ ಮೇಲೆ. ಅದೂ ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ.

ಮಗಳೂ ಅಳಿಯನೂ ಅಮೇರಿಕೆಯ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿರುವರು. ಕಳೆದ ಬೇಸಿಗೆಯಲ್ಲಿ ನಾವಿಬ್ಬರೂ, ಎಂದರೆ ನಾನೂ ನನ್ನ ಮನೆಯವರೂ, ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋಗಿದ್ದೆವು. ಹಡಗಿನಂಥ ರಸ್ತೆಗಳು, ಅರಮನೆಯಂಥ ಅಂಗಡಿಗಳು, ಮಾತಿಲ್ಲದ ಬೀದಿಗಳು: ಇವುಗಳ ವರ್ಣನೆಯನ್ನು ವಾಚಕರು ಬೇಕಾದಷ್ಟು ಓದಿರುವರಾದುದರಿಂದ ಅದಕ್ಕೆ ನಾನು ಕೈಹಾಕುವುದಿಲ್ಲ. ನಾನು ಹೇಳಹೊರಟಿರುವುದು ಒಂದು ಭಾನುವಾರದ ಸಂಗತಿಯನ್ನು. ಆ ದಿನ ನನ್ನ ಹನ್ನೆರಡು ವರುಷದ ಮೊಮ್ಮಗಳು ನನ್ನನ್ನು ಕೈಹಿಡಿದು ಹಂಟಿಂಗ್ಟನ್ ಬೀಚ್ ಎಂಬ ಊರಿನ ಕಡಲ ದಂಡೆಗೆ ಕರೆದೊಯ್ದಳು.

ದಂಡೆಯೆಂದರೆ ಅದು ದಂಡೆಯಲ್ಲ, ಎಲ್ಲಮ್ಮನ ಗುಡ್ಡದ ಜಾತ್ರೆ! ಊರಿನ ಮುಖ್ಯ ಬೀದಿಯು ನೇರವಾಗಿ ಬಂದು ಸಮುದ್ರಕ್ಕೇ ಮುಟ್ಟುತ್ತದೆ. ಅಷ್ಟಕ್ಕೇ ನಿಲ್ಲಲು ಮನಸ್ಸಿಲ್ಲದಂತೆ, ಕಾಂಕ್ರೀಟಿನ ಕಾಲುಗಳ ಮೇಲೆ ಒಂದು ಉದ್ದನೆಯ ಕಟ್ಟೆಯಾಗಿ ನೀರಿನೊಳಕ್ಕೆ 1850 ಅಡಿ ನಡೆದುಹೋಗುತ್ತದೆ. ಇದಕ್ಕೆ ಅವರು 'ಪಿಯರ್' ಎನ್ನುವರು. 1904ರಲ್ಲಿ ಮರದಿಂದ ಕಟ್ಟಿದ್ದನ್ನು ಬಿರುಗಾಳಿಗಳು ಮತ್ತೆ ಮತ್ತೆ ಮುರಿದವು. ಈಗಿನದು 1992ರಲ್ಲಿ ತೆರೆದದ್ದು. ಅದರ ಮೇಲೆ ಗಾಳ ಹಾಕಿ ಕುಳಿತ ಮುದುಕರು, ಮಕ್ಕಳನ್ನು ಗಾಡಿಯಲ್ಲಿ ನೂಕುವ ತಾಯಂದಿರು, ಪಿಟೀಲು ಬಾರಿಸುವವನೊಬ್ಬ, ದೇವರ ರಾಜ್ಯ ಸಮೀಪಿಸಿತೆಂದು ಸಾರುವವನೊಬ್ಬ. ಕೆಳಗೆ ಉಸುಕಿನ ಮೇಲೆ ಚೆಂಡಾಟ, ಸೈಕಲ್ಲುಗಳ ಸಾಲು, ಸಂಜೆಗೆ ಬೆಂಕಿ ಹಾಕಿ ಸುತ್ತ ಕೂಡಲು ಕಟ್ಟಿದ ಒಲೆಗುಂಡಿಗಳು. ನಮ್ಮ ಮನೆಯವರು ಸಜ್ಜೆಯ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ಬಿಚ್ಚಿದ್ದೇ ತಡ, ಒಂದು ಬಿಳಿಯ ಕಡಲಹಕ್ಕಿಯು ಮೇಲಿನಿಂದ ಎರಗಿ ಇಡಿಯ ರೊಟ್ಟಿಯೊಂದನ್ನು ಕಚ್ಚಿಕೊಂಡು ಹಾರಿತು. ಸಜ್ಜೆಯ ರೊಟ್ಟಿಯ ರುಚಿಯನ್ನು ಪೆಸಿಫಿಕ್ ಮಹಾಸಾಗರಕ್ಕೆ ಪರಿಚಯಿಸಿದ ಕೀರ್ತಿಯು ಬೈಲಹೊಂಗಲ ತಾಲ್ಲೂಕಿಗೆ ಸಂದಿತೆಂದು ನಾನು ಅವರನ್ನು ಸಮಾಧಾನಪಡಿಸಿದೆನು.

ಆದರೆ ಆ ಜಾತ್ರೆಯ ತೇರು ಇರುವುದು ದಂಡೆಯ ಮೇಲಲ್ಲ, ನೀರಿನಲ್ಲಿ. ಪಿಯರಿನ ಎರಡೂ ಮಗ್ಗುಲಿಗೆ ನೂರಾರು ಜನರು ಕರಿಯ ರಬ್ಬರಿನ ಅಂಗಿ ತೊಟ್ಟು ಉದ್ದನೆಯ ಹಲಗೆಗಳ ಮೇಲೆ ಕುಳಿತು ತೆರೆಗಾಗಿ ಕಾಯುತ್ತಿದ್ದರು. ಹುಡುಗರು, ಹುಡುಗಿಯರು, ನನ್ನ ವಯಸ್ಸಿನ ಮುದುಕರು ಕೂಡ. ದೂರದಿಂದ ನೀರು ಉಬ್ಬಿ ಬರುವುದನ್ನು ಕಂಡೊಡನೆ ಹೊಟ್ಟೆಯಡಿ ಹಲಗೆಯನ್ನಿಟ್ಟು ಕೈಯಿಂದ ನೀರನ್ನು ತಳ್ಳುವರು; ತೆರೆಯು ಬೆನ್ನ ಹಿಂದೆ ಎತ್ತರಿಸಿ ಒಡೆಯುವ ಆ ಒಂದು ಕ್ಷಣದಲ್ಲಿ ಚಂಗನೆ ಎದ್ದು ನಿಲ್ಲುವರು. ಬಳಿಕ ಅವರು ನಡೆಯುವುದಿಲ್ಲ, ಈಜುವುದಿಲ್ಲ. ಇಳಿಜಾರಿನ ಮೇಲೆ ಜಾರಿದಂತೆ, ನೀರಿನ ಗೋಡೆಯ ಮಗ್ಗುಲಿಗೆ ಹಾರಿಹೋಗುವರು. ಹತ್ತು ಗಳಿಗೆ ಕಾಯುವುದು, ಹತ್ತು ಕ್ಷಣ ಹಾರುವುದು, ಬೀಳುವುದು, ಮತ್ತೆ ಕಾಯುವುದು. ಇದಕ್ಕೆ ಸರ್ಫಿಂಗ್ ಎಂದು ಹೆಸರು. 2018ರಲ್ಲಿ ಕ್ಯಾಲಿಫೋರ್ನಿಯ ಸರಕಾರವು ಇದನ್ನು ತನ್ನ ಸಂಸ್ಥಾನದ ಅಧಿಕೃತ ಆಟವೆಂದು ಸಾರಿತು. ಟೋಕಿಯೋ ಒಲಿಂಪಿಕ್ಸಿನಲ್ಲಿ, ಎಂದರೆ 2021ರಲ್ಲಿ, ಅದಕ್ಕೆ ಮೊದಲ ಬಾರಿ ಪದಕಗಳನ್ನೂ ಕೊಟ್ಟರು.

ಆ ಹಲಗೆಯನ್ನು ನೋಡಿದಾಗ ನನಗೆ ನೆನಪಾದದ್ದು ನಮ್ಮ ಊರಿನ ಬಾವಿ. ನಮ್ಮ ಅಜ್ಜ ನಮಗೆ ಈಜು ಕಲಿಸಿದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿ. ಬೆಂಡು ಸಿಕ್ಕದಿದ್ದರೆ ಒಣಗಿದ ಸೋರೆಯ ಬುರುಡೆ. ನಡುವಿಗೆ ಹಗ್ಗ ಬಿಗಿದು, ಅದರ ತುದಿಯನ್ನು ತಾನು ಹಿಡಿದು ಮೆಟ್ಟಿಲ ಮೇಲೆ ಕುಳಿತು, 'ಹೂಂ, ದುಮುಕು' ಎನ್ನುತ್ತಿದ್ದನು. ಹಂಟಿಂಗ್ಟನ್ನಿನ ಹುಡುಗರ ಹಲಗೆಯೂ ಬೆಂಡೇ. ಮೊದಲು ಅವರು ಭಾರವಾದ ಮರದ ಹಲಗೆಗಳನ್ನು ಬಳಸುತ್ತಿದ್ದರಂತೆ; ಎರಡನೆಯ ಮಹಾಯುದ್ಧದ ಬಳಿಕ ಬಾಲ್ಸಾ ಎಂಬ ಬೆಂಡಿನಂಥ ಹಗುರ ಮರವು ಬಂದಿತು; 1950ರ ದಶಕ ಮುಗಿಯುವ ಹೊತ್ತಿಗೆ ಕೃತಕ ನೊರೆಯಿಂದ ಮಾಡಿದ ಹಲಗೆಗಳು ಅದರ ಸ್ಥಾನವನ್ನು ಹಿಡಿದವು. ಹಲಗೆಯಿಂದ ಕಾಲಿಗೆ ಒಂದು ಹುರಿಯನ್ನೂ ಕಟ್ಟಿಕೊಳ್ಳುವರು. ಬೆಂಡೂ ಇದೆ, ಹಗ್ಗವೂ ಇದೆ. ಮೆಟ್ಟಿಲ ಮೇಲಿನ ಅಜ್ಜನು ಎಲ್ಲಿ ಎಂದು ನಾನು ಸುತ್ತಲೂ ನೋಡಿದೆನು.

ಅವನೂ ಇದ್ದನು. ಉಸುಕಿನ ಮೇಲೆ ಅಷ್ಟಷ್ಟು ದೂರಕ್ಕೆ ಕಾಲುಗಳ ಮೇಲೆ ನಿಲ್ಲಿಸಿದ ಪುಟ್ಟ ಮರದ ಮನೆಗಳು. ಒಂದೊಂದಕ್ಕೂ ದೊಡ್ಡ ಅಕ್ಷರದಲ್ಲಿ ಸಂಖ್ಯೆ. ಒಳಗೆ ಕೆಂಪು ಉಡುಪಿನ ಜೀವರಕ್ಷಕನು ಕುಳಿತು ನೀರನ್ನೇ ನೋಡುತ್ತಿರುವನು. ಅವನೊಡನೆ ಯಾರೂ ಹರಟುವುದಿಲ್ಲ. ದಾರಿ ತಪ್ಪಿದ ಮಗುವು ತಾನು ಯಾವ ಸಂಖ್ಯೆಯ ಮನೆಯ ಬಳಿ ಇದ್ದೆನೆಂದು ಹೇಳಿದರೆ ಸಾಕು, ತಾಯಿ ಸಿಕ್ಕುವಳು. ಈಜುವವರ ಗುಂಪು ಹೆಚ್ಚಾದಾಗ ಹಳದಿಯ ಬಾವುಟದ ನಡುವೆ ಕರಿಯ ಗೋಲವನ್ನು ಬರೆದುದನ್ನು ಏರಿಸುವರು. ಅದು ಏರಿತೆಂದರೆ ಗಟ್ಟಿ ಹಲಗೆಯವರೆಲ್ಲರೂ ಆ ಭಾಗದಿಂದ ಹೊರಗೆ ಬರಲೇಬೇಕು. ಹಾಗೆ ಬಾವುಟವು ಏರಿದ ಕಡೆ, ಆಗತಾನೆ ಒಳ್ಳೆಯ ತೆರೆಯೊಂದು ಬರುತ್ತಿದ್ದಾಗಲೂ, ಒಬ್ಬೊಬ್ಬರಾಗಿ ಹಲಗೆ ಎತ್ತಿಕೊಂಡು ದಂಡೆಗೆ ಬಂದುದನ್ನು ಕಂಡು ನನಗೆ ಅಚ್ಚರಿಯಾಯಿತು.

ಇಷ್ಟರಲ್ಲಿ ಮೊಮ್ಮಗಳು ಕರಿಯ ಅಂಗಿಯನ್ನು ತೊಟ್ಟು, ತನಗಿಂತ ಉದ್ದದ ನೀಲಿ ಹಲಗೆಯನ್ನು ಬಗಲಲ್ಲಿ ಹಿಡಿದು ಬಂದು ನಿಂತಳು. ಆ ದಿನ ಅವಳಿಗೆ ಸರ್ಫಿಂಗಿನ ಮೊದಲ ಪಾಠವೆಂಬ ಸಂಗತಿಯನ್ನು ನನ್ನಿಂದ ಎಲ್ಲರೂ ಮುಚ್ಚಿಟ್ಟಿದ್ದರು. ನನ್ನ ಸ್ವಭಾವವನ್ನು ಮಗಳು ಬಲ್ಲಳು. ಅವಳನ್ನು ನಾನು ಚಿಕ್ಕಂದಿನಲ್ಲಿ ಬಾವಿಯ ಕಟ್ಟೆಯ ಹತ್ತಿರವೂ ಬಿಟ್ಟಿರಲಿಲ್ಲ.

'ಅಜ್ಜಾ, ಹೆದರಬೇಡ' ಎಂದು ಮಗುವು ತನ್ನ ಅಮೇರಿಕೆಯ ಕನ್ನಡದಲ್ಲಿ ಹೇಳಿತು.

ನಾನು ಏಕೆ ಹೆದರುತ್ತೇನೆಂಬುದನ್ನು ಈ ಅಂಕಣದಲ್ಲಿ ಎಂದೂ ಬರೆದಿಲ್ಲ. ಈಗ ಬರೆಯುತ್ತೇನೆ.

*

ಮೂವತ್ತು ವರುಷಗಳಿಗೂ ಹಿಂದಿನ ಮಾತು. ನಾನು ಆಗ ನಮ್ಮ ಸೀಮೆಯ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದೆನು. ಡಿಸೆಂಬರಿನಲ್ಲಿ ನಲವತ್ತು ಹುಡುಗರನ್ನು ಬಸ್ಸಿನಲ್ಲಿ ತುಂಬಿಕೊಂಡು ಕರಾವಳಿಯ ಪ್ರವಾಸಕ್ಕೆ ಹೊರಟೆವು. ಯಾವ ಊರೆಂಬುದು ಇಲ್ಲಿ ಮುಖ್ಯವಲ್ಲ. ರಾತ್ರಿಯೆಲ್ಲ ಹಾಡಿ ಕುಣಿದು, ಬೆಳಿಗ್ಗೆ ಘಟ್ಟವಿಳಿದು, ಗಾಳಿಮರಗಳ ನಡುವಿನಿಂದ ಮೊದಲ ಬಾರಿ ಸಮುದ್ರವು ಕಂಡಾಗ ಬಸ್ಸಿನಲ್ಲಿ ಎದ್ದ ಕೂಗು ಈಗಲೂ ನನ್ನ ಕಿವಿಯಲ್ಲಿದೆ.

ಹುಡುಗರು ನೀರಿಗಿಳಿಯಲು ಹಾತೊರೆದರು. ನಾನು ಜವಾಬ್ದಾರಿಯ ಮನುಷ್ಯ; ದಂಡೆಯ ಮೇಲೆ ನಿಂತು ಎರಡೂ ಕಡೆ ನೋಡಿದೆನು. ಎಡಕ್ಕೆ ತೆರೆಗಳು ಬಿಳಿಯ ನೊರೆ ಕಾರುತ್ತ ಒಡೆಯುತ್ತಿದ್ದವು, ಬಲಕ್ಕೂ ಹಾಗೆಯೇ. ನಡುವೆ ಹತ್ತು ಹನ್ನೆರಡು ಮಾರು ಅಗಲದ ಒಂದು ಕಡೆ ಮಾತ್ರ ತೆರೆಯಿರಲಿಲ್ಲ, ನೊರೆಯಿರಲಿಲ್ಲ. ನೀರು ತುಸು ಕಪ್ಪಾಗಿ, ಕೆರೆಯ ನೀರಿನಂತೆ ಸಮಾಧಾನವಾಗಿತ್ತು. 'ಅಲ್ಲಿ ಇಳಿಯಿರಿ, ಅಲ್ಲಿ ಶಾಂತವಾಗಿದೆ' ಎಂದು ನಾನೇ ಬೆರಳು ಮಾಡಿ ತೋರಿಸಿದೆನು.

ಮೊದಲು ಇಳಿದವನು ಮಲಪ್ರಭೆಯ ದಂಡೆಯ ಹಳ್ಳಿಯೊಂದರ ಹುಡುಗ. ಬಾವಿ ಹೊಳೆಗಳಲ್ಲಿ ಮೀನಿನಂತೆ ಈಜುವವನು. ಎದೆಮಟ್ಟದ ನೀರಿಗೆ ಹೋದನು. ತಿರುಗಿ ನಮ್ಮ ಕಡೆ ಕೈ ಬೀಸಿ ನಕ್ಕನು. ಮರುಗಳಿಗೆಯಲ್ಲಿ ಅವನು ಇಪ್ಪತ್ತು ಮಾರು ದೂರವಿದ್ದನು. ಅವನು ದಂಡೆಯತ್ತ ಮುಖಮಾಡಿ ಬಲವನ್ನೆಲ್ಲ ಹಾಕಿ ಈಜುತ್ತಿದ್ದನು. ಆದರೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಿದ್ದನು. ಯಾರೋ ಕಾಲು ಹಿಡಿದು ಎಳೆದಂತೆ. ನಾನು ದಂಡೆಯ ಮೇಲೆ ಆಚೆಯಿಂದೀಚೆಗೆ ಓಡಿದೆನು. ಅದಕ್ಕಿಂತ ಹೆಚ್ಚಿನದೇನನ್ನೂ ಮಾಡಲು ನನಗೆ ತಿಳಿಯಲಿಲ್ಲ. ಬಲೆ ಒಣಗಿಸುತ್ತಿದ್ದ ಇಬ್ಬರು ಮೀನುಗಾರರು ಒಂದು ಮಾತನ್ನೂ ಆಡದೆ ತಮ್ಮ ಸಣ್ಣ ದೋಣಿಯನ್ನು ನೀರಿಗೆ ನೂಕಿದರು. ಅವರು ಅವನನ್ನು ಮುಟ್ಟಿದಾಗ ಅವನ ತಲೆಯು ಎರಡು ಬಾರಿ ಮುಳುಗಿ ಎದ್ದಿತ್ತು.

ಹುಡುಗನು ಉಳಿದನು. ಇದು ಕಥೆಯ ಒಳ್ಳೆಯ ಭಾಗ. ಊರಿಗೆ ಮರಳಿದ ಮೇಲೆ ಶಾಲೆಗೆ ಕೊಟ್ಟ ಬರಹದಲ್ಲಿ ನಾನು ಬರೆದದ್ದು ಇಷ್ಟು: 'ಶಿಕ್ಷಕರ ಮಾತನ್ನು ಮೀರಿ ಆಳಕ್ಕೆ ಹೋದುದರಿಂದ ಈ ಪ್ರಸಂಗ ಒದಗಿತು.' ಹುಡುಗನಿಗೆ ಅವನ ತಂದೆಯಿಂದ ಪೆಟ್ಟು ಬಿದ್ದವು. ಅವನು ನನ್ನ ಮೇಲೆ ಎಂದೂ ಏನನ್ನೂ ಹೇಳಲಿಲ್ಲ. ಆ ಜಾಗವನ್ನು ತೋರಿಸಿದ ಬೆರಳು ನನ್ನದೆಂಬುದು ಅವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು.

*

ಹಂಟಿಂಗ್ಟನ್ನಿನ ಉಸುಕಿನ ಮೇಲೆ ಪಾಠವು ಆರಂಭವಾಯಿತು. ಕಲಿಸುವವಳು ಇಪ್ಪತ್ತರ ತರುಣಿ. ಮಕ್ಕಳನ್ನು ಒಡನೆಯೇ ನೀರಿಗೆ ಅಟ್ಟುವಳೆಂದು ನಾನು ಎದೆ ಹಿಡಿದು ಕುಳಿತಿದ್ದರೆ, ಅವಳು ಅವರನ್ನು ಸಾಲಾಗಿ ಕೂರಿಸಿ, 'ಹತ್ತು ನಿಮಿಷ ಸುಮ್ಮನೆ ನೀರನ್ನು ನೋಡಿರಿ' ಎಂದಳು. ಮಕ್ಕಳು ನೋಡಿದವು. ಬಳಿಕ ಅವಳು ಕೇಳಿದಳು: 'ಇಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ಯಾವುದು?'

ಎಲ್ಲರೂ ನೊರೆಯ ಕಡೆ ಕೈ ತೋರಿಸಿದರು. ನಾನಾಗಿದ್ದರೂ ಅದನ್ನೇ ತೋರಿಸುತ್ತಿದ್ದೆನು. ಅವಳು ತಲೆಯಲ್ಲಾಡಿಸಿ, ಪಿಯರಿನ ಕಂಬಗಳ ಮಗ್ಗುಲಿಗೆ ತೆರೆಯಿಲ್ಲದೆ ಕಪ್ಪಾಗಿ ಸಮಾಧಾನವಾಗಿದ್ದ ಒಂದು ಪಟ್ಟಿಯತ್ತ ಬೆರಳು ಮಾಡಿದಳು.

ನನ್ನ ಕೈಕಾಲು ತಣ್ಣಗಾದವು. ಮೂವತ್ತು ವರುಷಗಳ ಹಿಂದಿನ ನೀರು ನನ್ನ ಮುಂದೆ ಇದ್ದಿತು.

ಅವಳು ಒಂದು ಕಡ್ಡಿಯಿಂದ ಉಸುಕಿನ ಮೇಲೆ ಗೆರೆಯೆಳೆದು ವಿವರಿಸಿದಳು. ಮಗಳು ನನಗೆ ಕನ್ನಡದಲ್ಲಿ ಹೇಳಿದಳು. ತೆರೆಗಳು ಒಂದರ ಮೇಲೊಂದು ನೀರನ್ನು ದಂಡೆಗೆ ತಂದು ಸುರಿಯುತ್ತವೆ. ಆ ನೀರು ಮರಳಿ ಹೋಗಲೇಬೇಕಷ್ಟೆ? ದಂಡೆಯಿಂದ ತುಸು ದೂರದಲ್ಲಿ ನೀರಿನಡಿಯಲ್ಲಿ ಉಸುಕಿನ ಒಡ್ಡುಗಳಿರುತ್ತವೆ. ಒಡ್ಡಿನಲ್ಲಿ ಎಲ್ಲಿ ಒಂದು ಕಂಡಿಯಿದೆಯೋ ಅಲ್ಲಿಂದ ಎಲ್ಲ ನೀರೂ ಕೂಡಿ, ಕಾಲುವೆಯಂತೆ, ಸಮುದ್ರಕ್ಕೆ ಹಿಂದಿರುಗುತ್ತದೆ. ಪಿಯರಿನ ಕಂಬಗಳ ಮಗ್ಗುಲಲ್ಲಿಯೂ ಇಂಥದೇ ಕಾಲುವೆ ಹುಟ್ಟುವುದುಂಟು. ಕಾಲುವೆಯು ಆಳವಾದುದರಿಂದ ಅಲ್ಲಿ ತೆರೆ ಒಡೆಯುವುದಿಲ್ಲ, ನೊರೆ ಕಾಣುವುದಿಲ್ಲ. ಆದುದರಿಂದಲೇ ತಿಳಿಯದವನಿಗೆ ಅದು ಶಾಂತವಾಗಿ ತೋರುತ್ತದೆ. ಇದಕ್ಕೆ ರಿಪ್ ಎಂದು ಹೆಸರು. ನಾವು ಮರುಸೆಳೆತ ಎನ್ನಬಹುದು. ಅದರ ಓಟವು ಕೆಲವೊಮ್ಮೆ ಸೆಕೆಂಡಿಗೆ 8 ಅಡಿಯವರೆಗೂ ಏರುವುದುಂಟು. ಒಲಿಂಪಿಕ್ಸಿನ ಈಜುಗಾರನೂ ಅದಕ್ಕೆ ಎದುರಾಗಿ ಗೆಲ್ಲಲಾರನು. ಅಮೇರಿಕೆಯ ಕಡಲ ದಂಡೆಗಳಲ್ಲಿ ಜೀವರಕ್ಷಕರು ಮಾಡುವ ರಕ್ಷಣೆಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಈ ಸೆಳೆತದಿಂದಲೇ ಎಂದು ಅವರ ಸಂಘವು ಹೇಳುತ್ತದೆ.

'ಇದು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಎಳೆಯುತ್ತದೆ, ಅಷ್ಟೆ' ಎಂದು ಅವಳು ಮತ್ತೆ ಮತ್ತೆ ಹೇಳಿದಳು. ಮುಳುಗುವವರು ಮುಳುಗುವುದು ಸೆಳೆತದಿಂದಲ್ಲ, ಅದರೊಡನೆ ಕಾದಾಡಿ ಸೋತು. ಆದುದರಿಂದ ಕಾದಾಡಬಾರದು. ತೇಲಬೇಕು, ಕೈಯೆತ್ತಿ ಕರೆಯಬೇಕು. ಈಜಬಲ್ಲವನು ದಂಡೆಯ ಕಡೆಗಲ್ಲ, ದಂಡೆಗೆ ಸಮವಾಗಿ ಮಗ್ಗುಲಿಗೆ ಈಜಬೇಕು. ಕಾಲುವೆಯು ಅಗಲವಾಗಿರುವುದಿಲ್ಲ, ಅದನ್ನು ದಾಟಿದೊಡನೆ ನೊರೆಯಿರುವ ಕಡೆಯ ತೆರೆಗಳೇ ಅವನನ್ನು ದಂಡೆಗೆ ತಂದು ಮುಟ್ಟಿಸುತ್ತವೆ. ನಾವು ಯಾವುದಕ್ಕೆ ಹೆದರಿದ್ದೆವೋ ಆ ನೊರೆಯೇ ಮನೆಗೆ ಮರಳುವ ದಾರಿ!

ಇನ್ನೊಂದು ಮಾತನ್ನು ಕೇಳಿ ನಾನು ದಂಗಾದೆನು. ಹಲಗೆಯವರಲ್ಲಿ ಪಳಗಿದವರು ಬೇಕೆಂದೇ ಆ ಕಾಲುವೆಯನ್ನು ಹೊಗುವರಂತೆ. ಕೈ ನೋಯಿಸಿಕೊಳ್ಳದೆ ತೆರೆಗಳ ಆಚೆಗೆ ತಲಪಲು ಅದು ಅವರಿಗೆ ಬಿಟ್ಟಿಯ ಬಸ್ಸು. ಒಂದೇ ನೀರು, ಬಲ್ಲವನಿಗೆ ವಾಹನ. ಅರಿಯದವನಿಗೆ ಯಮನ ಕೋಣ.

*

ಮಗುವು ನೀರಿನಲ್ಲಿ ಬಿದ್ದೇಳುತ್ತಿರುವಾಗ, ಬೀದಿಯ ಮೂಲೆಯಲ್ಲಿ ಹಲಗೆಯೊಡನೆ ನಿಂತಿದ್ದ ಒಂದು ಪ್ರತಿಮೆಯ ವಿಷಯವನ್ನು ಅಳಿಯನು ನನಗೆ ಹೇಳಿದನು. ನನಗೆ ಅದರಲ್ಲಿ ರುಚಿ ಹುಟ್ಟಿ, ಮರುವಾರ ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತು ಓದಿದೆನು.

ಈ ಆಟವು ಅಮೇರಿಕೆಯದಲ್ಲ, ಹವಾಯಿ ದ್ವೀಪದವರದು. 1885ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಓದಲೆಂದು ಬಂದಿದ್ದ ಹವಾಯಿಯ ಮೂವರು ರಾಜಕುಮಾರರು, ಊರ ನೆನಪು ತಡೆಯಲಾರದೆಯೋ ಏನೋ, ಸಾಂತಾ ಕ್ರೂಸ್ ಎಂಬಲ್ಲಿ ಮರದ ಹಲಗೆಗಳನ್ನು ಮಾಡಿಸಿ ತೆರೆಯೇರಿದರು. ಬಳಿಕ 1907ರಲ್ಲಿ ಹೊನಲುಲುವಿನ ಜಾರ್ಜ್ ಫ್ರೀತ್ ಎಂಬ ತರುಣನು ಬಂದನು. ಹೆನ್ರಿ ಹಂಟಿಂಗ್ಟನ್ ಎಂಬ ಟ್ರಾಮು ಸಾಹುಕಾರನಿಗೆ ಲಾಸ್ ಏಂಜಲೀಸಿನ ಜನರನ್ನು ತನ್ನ ಗಾಡಿಗಳಲ್ಲಿ ಕಡಲಿಗೆ ಸೆಳೆಯುವುದು ಬೇಕಾಗಿತ್ತು. ಅವನ ಹೆಸರೇ ಈ ಊರಿಗೂ ಬಂದಿದೆ. ರೆಡಾಂಡೊ ಎಂಬಲ್ಲಿ ಫ್ರೀತನು ತೆರೆಯ ಮೇಲೆ ನಿಂತು ಜನರನ್ನು ಬೆರಗುಗೊಳಿಸಿದನು; 1914ರಲ್ಲಿ ಹಂಟಿಂಗ್ಟನ್ನಿನ ಹೊಸ ಪಿಯರಿನ ಉತ್ಸವದಲ್ಲಿಯೂ ಆಡಿ ತೋರಿಸಿದನು.

ಆದರೆ ಆತನ ಹಿರಿಮೆಯು ಅಷ್ಟೇ ಅಲ್ಲ. ಸಾಹುಕಾರನ ಗಾಡಿಗಳು ಜನರನ್ನು ತಂದು ದಂಡೆಗೆ ಸುರಿದವು. ಆ ಜನರಿಗೆ ಈಜು ಬಾರದು, ಕಡಲು ಗೊತ್ತಿಲ್ಲ. ನಮ್ಮ ಬಸ್ಸಿನ ಹುಡುಗರಂತೆಯೇ! ಫ್ರೀತನು ಅವರಿಗೆ ಈಜು ಕಲಿಸಿದನು. ಜೀವರಕ್ಷಕರ ಪಡೆಗಳನ್ನು ತರಬೇತುಗೊಳಿಸಿದನು. 1908ರ ಡಿಸೆಂಬರಿನಲ್ಲಿ ವೆನಿಸ್ ಎಂಬಲ್ಲಿ ಬಿರುಗಾಳಿಗೆ ಸಿಕ್ಕಿದ ಜಪಾನೀ ಮೀನುಗಾರರನ್ನು ಕಂಡು ಕೊರೆಯುವ ನೀರಿಗೆ ಮತ್ತೆ ಮತ್ತೆ ಧುಮುಕಿ 7 ಜನರನ್ನು ಉಳಿಸಿದನು. ಅಮೇರಿಕೆಯ ಸರಕಾರದ ಜೀವರಕ್ಷಣೆಯ ಚಿನ್ನದ ಪದಕವು ಆತನಿಗೆ ದೊರೆಯಿತು. 1919ರ ಮಹಾಜ್ವರದಲ್ಲಿ, ಇನ್ನೂ 35ರ ಪ್ರಾಯದಲ್ಲಿ, ತೀರಿಕೊಂಡನು.

ಬೀದಿಯ ಮೂಲೆಯ ಪ್ರತಿಮೆಯು ಡ್ಯೂಕ್ ಕಹನಮೋಕು ಎಂಬಾತನದು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಈಜಿನ ಚಿನ್ನ ಗೆದ್ದ ಹವಾಯಿಯ ವೀರ. 1925ರ ಜೂನಿನಲ್ಲಿ, ಹಂಟಿಂಗ್ಟನ್ನಿಗೆ ದಕ್ಷಿಣದಲ್ಲಿ ತುಸು ದೂರದ ಕರೋನ ಡೆಲ್ ಮಾರ್ ಎಂಬಲ್ಲಿ, ಮೀನು ಹಿಡಿಯುವವರ ದೋಣಿಯೊಂದು ಅವನ ಕಣ್ಣೆದುರಿಗೆ ಮಗುಚಿತು. ಅವನು ತನ್ನ ಸರ್ಫಿಂಗ್ ಹಲಗೆಯನ್ನು ತಳ್ಳಿಕೊಂಡು ಮೂರು ಬಾರಿ ಹೋಗಿ 8 ಜನರನ್ನು ದಂಡೆಗೆ ತಂದನು. ಆಟದ ಹಲಗೆಯು ಜೀವ ಉಳಿಸುವ ಹಲಗೆಯೂ ಆಗಬಲ್ಲುದೆಂಬುದು ಜೀವರಕ್ಷಕರಿಗೆಲ್ಲ ಮನದಟ್ಟಾಯಿತು.

ಇದನ್ನು ಓದಿದ ಮೇಲೆ ಆ ದಂಡೆಯ ಗದ್ದಲವು ನನಗೆ ಬೇರೆಯಾಗಿ ಕಂಡಿತು. ಅಲ್ಲಿ ಆಟವೂ ಎಚ್ಚರವೂ ಒಂದೇ ಮನುಷ್ಯನ ಕೈಹಿಡಿದು ಬಂದವು. ನಮ್ಮಲ್ಲಿ ಆಟಕ್ಕೆ ಹುಡುಗರು, ಎಚ್ಚರಕ್ಕೆ ಹಿರಿಯರು ಎಂಬ ಪಾಲಾಗಿದೆ. ಹುಡುಗರು ಆಡುವುದಕ್ಕೂ ಹಿರಿಯರು ಬೈಯುವುದಕ್ಕೂ ನಡುವೆ ಕಲಿಸುವವನೊಬ್ಬನು ಇಲ್ಲ.

*

ನಮ್ಮ ಮಂದಿಗೆ ನೀರಿನ ತಿಳಿವಳಿಕೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆ ಬೇಸಿಗೆಯಲ್ಲಿ ಹಂಟಿಂಗ್ಟನ್ನಿಗೆ ಬರುವ ದಕ್ಷಿಣದ ತೆರೆಗಳು ಹುಟ್ಟುವುದು ನ್ಯೂಜಿಲೆಂಡಿನ ಆಚೆಯ ಸಾಗರದ ಬಿರುಗಾಳಿಯಲ್ಲಿ. ಒಂದು ವಾರದಷ್ಟು ಕಾಲ ನಡೆದು ಬಂದು ಬಿಸಿಲು ಕಾಯುವವರ ಮುಂದೆ ಒಡೆಯುತ್ತವೆ. ಇದನ್ನು ಅಳಿಯನು ಹೇಳಿದಾಗ ರಾಮದುರ್ಗದವನಿಗೆ ಇದೇನೂ ಹೊಸತಲ್ಲವೆಂದುಕೊಂಡೆನು. ಮಲಪ್ರಭೆಯ ಮಳೆ ಬೀಳುವುದು ಖಾನಾಪುರದ ಆಚೆ ಕಣಕುಂಬಿಯ ಕಾಡಿನಲ್ಲಿ. ಮನೆ ಬೀಳುವುದು ಬಿಸಿಲು ಬಿದ್ದ ಬಯಲಿನಲ್ಲಿ. 1970ರ ದಶಕದ ಆರಂಭದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ರೇಣುಕಾಸಾಗರವು ತುಂಬಿದ ಮೇಲೆ ನಮಗೂ ಒಂದು 'ಸಾಗರ' ಬಂದಿತು. 2019ರ ಆಗಸ್ಟಿನಲ್ಲಿ ಅದೇ ಸಾಗರವು ತುಂಬಿ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗಗಳ ಮನೆಗಳೊಳಗೆ ಹೊಳೆಯು ಬಂದದ್ದನ್ನು ಕಂಡವರು ಇನ್ನೂ ಮರೆತಿಲ್ಲ. ಹೊಳೆಯ ಬಣ್ಣ ಕೆಂಪಗಾದರೆ, ಕಸಕಡ್ಡಿ ತೇಲಿಬಂದರೆ ಏನರ್ಥವೆಂಬುದನ್ನು ನಮ್ಮ ಅಂಬಿಗನು ಹೇಳಬಲ್ಲನು. ಆದರೆ ಹೊಳೆಯ ವಿದ್ಯೆಯು ಕಡಲಿಗೆ ಸಾಲದು. ಬಾವಿಯಲ್ಲಿ ಈಜು ಕಲಿತವನಿಗೆ ದಂಡೆಯ ಕಡೆಗೆ ಈಜುವುದೊಂದೇ ಗೊತ್ತು. ಕಡಲಿನಲ್ಲಿ ಅದೇ ಅವನಿಗೆ ಮುಳುವಾಗುತ್ತದೆ.

ಇದು ಊಹೆಯ ಮಾತಲ್ಲ. 2017ರ ಏಪ್ರಿಲಿನಲ್ಲಿ ಮಹಾರಾಷ್ಟ್ರದ ಮಾಲವಣದ ಕಡಲಿನಲ್ಲಿ ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನವರು 8 ಜನ ಒಮ್ಮೆಗೇ ಹೋದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಹೋದರು. ಅವರೆಲ್ಲರೂ ಕಡಲಿಲ್ಲದ ಸೀಮೆಯ ಮಕ್ಕಳು. ಪ್ರತಿ ಬಾರಿಯೂ ನಾವು ಹೇಳುವುದು ನಾನು ಅಂದು ಬರೆದ ಮಾತನ್ನೇ: 'ಮಾತು ಕೇಳದೆ ಹೋದರು.' ಯಾವ ಮಾತನ್ನು ನಾವು ಅವರಿಗೆ ಹೇಳಿದ್ದೆವು?

ಕಿತ್ತೂರ ನಾಡಿನವರಿಗೆ ಧೈರ್ಯದ ಪಾಠವನ್ನು ಯಾರೂ ಹೇಳಬೇಕಾಗಿಲ್ಲ. 1824ರಲ್ಲಿ ಥ್ಯಾಕರೆಯ ಸೈನ್ಯವನ್ನು ಇದಿರಿಸಿದ ಮಣ್ಣು ಅದು. ಆದರೆ ಮರುಸೆಳೆತದ ಮುಂದೆ ಇದಿರಿಸುವುದೇ ತಪ್ಪು. ಅಲ್ಲಿ ಬೇಕಾದದ್ದು ಹತ್ತು ನಿಮಿಷದ ನೋಟ, ನಾಲ್ಕು ಗೆರೆಯ ಚಿತ್ರ.

ಇದಕ್ಕಾಗಿ ಕ್ಯಾಲಿಫೋರ್ನಿಯಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮ ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ, ಶಾಂಭವಿ ನದಿಯು ಕಡಲು ಸೇರುವಲ್ಲಿ, 2004ರಿಂದ ಸರ್ಫಿಂಗ್ ಕಲಿಸುವ ಮಂತ್ರ ಸರ್ಫ್ ಕ್ಲಬ್ ಎಂಬ ಸಂಘವಿದೆ. ಹತ್ತಿರದ ಸಸಿಹಿತ್ಲುವಿನಲ್ಲಿ 2016ರಲ್ಲಿ ಅಖಿಲ ಭಾರತದ ಸ್ಪರ್ಧೆಯೂ ನಡೆಯಿತು. ಕರಾವಳಿಯ ಹುಡುಗರು, ಹುಡುಗಿಯರು ಅಲ್ಲಿ ತೆರೆಯೇರುತ್ತಿದ್ದಾರೆ. ಹೊನ್ನಾವರದ ಕಾಸರಕೋಡಿಗೂ ಪಡುಬಿದ್ರಿಗೂ 2020ರಲ್ಲಿ ಅಂತರರಾಷ್ಟ್ರೀಯ ನೀಲಿ ಬಾವುಟದ ಮನ್ನಣೆಯು ಬಂದಿದೆ. ಜೀವರಕ್ಷಕರಾಗಲಿ ಜೀವರಕ್ಷಣೆಯ ಸಾಧನಗಳಾಗಲಿ ಇಲ್ಲದ ದಂಡೆಗೆ ಆ ಬಾವುಟವು ದೊರೆಯದು.

ಆದುದರಿಂದ ಬೈಲಹೊಂಗಲದಿಂದಲೋ ಸವದತ್ತಿಯಿಂದಲೋ ಮಕ್ಕಳೊಡನೆ ಕರಾವಳಿಗೆ ಹೊರಡುವ ತಂದೆತಾಯಿಗಳಿಗೂ ಮಾಸ್ತರರಿಗೂ ನನ್ನ ವಿನಂತಿ ಇಷ್ಟು. ಜೀವರಕ್ಷಕನಿರುವ ದಂಡೆಯನ್ನೇ ಆರಿಸಿರಿ. ಕೆಂಪು ಬಾವುಟವಿದ್ದರೆ ಬುತ್ತಿ ಬಿಚ್ಚಿ ದಂಡೆಯಲ್ಲಿಯೇ ಕೂಡಿರಿ. ಮಳೆಗಾಲದಲ್ಲಿ ನೀರಿಗಿಳಿಯುವ ಮಾತೇ ಬೇಡ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುವಾಗ ನಮಗೆ ಅಲ್ಲಿ ಏನು ಕೆಲಸ? ಅಲ್ಲಿಯ ಮೀನುಗಾರನನ್ನು 'ಎಲ್ಲಿ ಸೆಳೆತವಿದೆ?' ಎಂದು ಕೇಳಿರಿ. ಅವನು ಸಂತೋಷದಿಂದ ಹೇಳುವನು. ಈಜು ಬಾರದವರು ಮೊಣಕಾಲ ನೀರನ್ನು ದಾಟಬಾರದು. ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ಹಿಂದೆಯೇ ಧುಮುಕಬೇಡಿರಿ. ಒಬ್ಬನ ಹಿಂದೆ ಒಬ್ಬನು ಹೋಗಿಯೇ ಎಂಟು ಮನೆಗಳು ಬರಿದಾಗುವುದು. ತೇಲುವ ಏನನ್ನಾದರೂ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನಾದರೂ ಸರಿ, ಅದೇ ಬೆಂಡು. ಕಣ್ಣು ತೆಗೆಯದೆ ಅವನನ್ನೇ ನೋಡುತ್ತ, ಜೀವರಕ್ಷಕನನ್ನು ಕೂಗಿರಿ, 112ಕ್ಕೆ ಕರೆಮಾಡಿರಿ.

*

ಮೊಮ್ಮಗಳು ಆ ಭಾನುವಾರ ಹದಿನೇಳು ಬಾರಿ ಬಿದ್ದಳು. ಹದಿನೆಂಟನೆಯ ಬಾರಿ ನೊರೆಯ ಮೇಲೆ ಎರಡು ಉಸಿರಿನಷ್ಟು ಹೊತ್ತು ನಿಂತಳು. ನಾನು ಎಣಿಸುತ್ತಿದ್ದೆನೆಂಬುದನ್ನು ಕಂಡು ಮನೆಯವರು ನಕ್ಕರು.

ಊರಿಗೆ ಮರಳಿದ ತಿಂಗಳೊಳಗೆ ನಾನು ಆ ಹಳೆಯ ವಿದ್ಯಾರ್ಥಿಯನ್ನು ಹುಡುಕಿಕೊಂಡು ಹೋದೆನು. ಅವನು ಈಗ ಎರಡು ಮಕ್ಕಳ ತಂದೆ. ಸಣ್ಣದೊಂದು ಗೊಬ್ಬರದ ಅಂಗಡಿಯನ್ನಿಟ್ಟಿರುವನು. ಚಹಾ ತರಿಸಿದನು. ಅಂದು ಜಾಗ ತೋರಿಸಿದವನು ನಾನು, ತಪ್ಪು ಬರೆದವನೂ ನಾನು ಎಂದು ಹೇಳಿದೆನು. ಮೂವತ್ತು ವರುಷ ಗಂಟಲಲ್ಲಿದ್ದ ಮಾತು ಹೊರಬರಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಂಗಡಿಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ಒಡ್ಡು, ಕಂಡಿ, ಕಾಲುವೆ ಎಲ್ಲವನ್ನೂ ಬರೆದು ತೋರಿಸಿದೆನು.

ಅವನು ಬಹಳ ಹೊತ್ತು ಆ ಚಿತ್ರವನ್ನು ನೋಡಿದನು. 'ಹಾಗಾದರೆ ನಾನು ಈ ಕಡೆಗೆ ಈಜಬೇಕಾಗಿತ್ತು' ಎಂದು ಬೆರಳಿನಿಂದ ಮಗ್ಗುಲಿಗೆ ಗೆರೆಯೆಳೆದನು. ಬಳಿಕ ಹೇಳಿದನು:

'ಸರ್, ನನ್ನ ಮಗನ ಶಾಲೆಯವರು ಈ ಡಿಸೆಂಬರಿನಲ್ಲಿ ಗೋಕರ್ಣಕ್ಕೆ ಹೊರಟಿದ್ದಾರೆ. ಒಂದು ದಿನ ಬಂದು ಇದನ್ನು ಅಲ್ಲಿ ಬೋರ್ಡಿನ ಮೇಲೆ ಬರೆಯಿರಿ.'

ಮುಂದಿನ ಸೋಮವಾರ ಹೋಗುವವನಿದ್ದೇನೆ. ಸೀಮೆಸುಣ್ಣ ಹಿಡಿಯದೆ ಹತ್ತು ವರುಷಗಳ ಮೇಲಾಯಿತು. ಮನೆಯ ಗೋಡೆಯ ಮೇಲೆ ಎರಡು ಬಾರಿ ಬರೆದು ಅಳಿಸಿ ನೋಡಿದೆನು. ಮನೆಯವರು ಸಿಟ್ಟಾಗಿದ್ದಾರೆ.